ಫೈರ್‌ವಾಲ್ ಪರೀಕ್ಷೆಗೆ ಬಾಯಿಮಾತಿನ ಒಪ್ಪಿಗೆ ಸಾಕೇ?

ಪ್ರಶ್ನೆ: ಚಿಕ್ಕ ಕಂಪನಿಯೊಂದರ ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ. ಫೈರ್‌ವಾಲ್ (ಬೇಡದ ಸಂಪರ್ಕಗಳನ್ನು ತಡೆಯುವ ಜಾಲದ ಕಾವಲು) ಹೊರಗಿನಿಂದ ಎಷ್ಟು ಗಟ್ಟಿಯಿದೆ ನೋಡು ಎಂದು ಮ್ಯಾನೇಜರ್ ಬಾಯಲ್ಲಿ ಹೇಳಿದ್ದಾರೆ. ಜಾಲದ ಯಾವ ಬಾಗಿಲು ತೆರೆದಿದೆ ಎಂದು ಹುಡುಕುವ ಎನ್‌ಮ್ಯಾಪ್ ತಂತ್ರಾಂಶವನ್ನು ಮನೆಯಿಂದಲೇ ಓಡಿಸಬಹುದೇ?
– ಓದುಗರು, ಹುಬ್ಬಳ್ಳಿ

ಉತ್ತರ: ಲಿಖಿತ ಅನುಮತಿ ಕೈಗೆ ಬರುವವರೆಗೆ ಬೇಡ. ಅನುಮತಿಯಿಲ್ಲದೆ ಬೇರೆಯವರ ಜಾಲಕ್ಕೆ ಕೈಹಾಕುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 43ನೇ ಕಲಮಿಗೆ ಬರುತ್ತದೆ. ಅಪ್ರಾಮಾಣಿಕ ಉದ್ದೇಶ ಸಾಬೀತಾದರೆ 66ನೇ ಕಲಮಿನಡಿ 3 ವರ್ಷದವರೆಗೆ ಸೆರೆ, 5 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ.

ಯಾವ ಐಪಿ ವಿಳಾಸಗಳು, ಯಾವ ದಿನ, ಎಷ್ಟು ಹೊತ್ತು, ನೀವು ಯಾವ ಐಪಿಯಿಂದ ಬರುತ್ತೀರಿ, ಏನಾದರೂ ಕೆಟ್ಟರೆ ಯಾರಿಗೆ ಫೋನ್ ಮಾಡಬೇಕು ಎಂಬುದೆಲ್ಲ ಆ ಪತ್ರದಲ್ಲಿರಲಿ. ಒಂದು ಅಂಕಿ ತಪ್ಪಿದರೂ ನೀವು ಪರೀಕ್ಷಿಸುವುದು ಇನ್ಯಾರದೋ ಜಾಲವನ್ನು. ವೆಬ್‌ಸೈಟ್ ಬೇರೆ ಕಂಪನಿಯ ಸರ್ವರ್‌ನಲ್ಲಿದ್ದರೆ ಅವರ ಒಪ್ಪಿಗೆ ಪ್ರತ್ಯೇಕವಾಗಿ ಬೇಕು.

ಮನೆಯ ಸಂಪರ್ಕ ಈ ಕೆಲಸಕ್ಕೆ ಒಗ್ಗದು. 25, 445ರಂಥ ಪೋರ್ಟ್‌ಗಳನ್ನು (ಒಂದೊಂದು ಸೇವೆಗೆ ಸಂಖ್ಯೆ ಕೊಟ್ಟ ಬಾಗಿಲುಗಳನ್ನು) ಇಂಟರ್ನೆಟ್ ಕಂಪನಿಯೇ ತಡೆದಿರುವುದುಂಟು. ಆಗ ತಾನು ಮಾಡದ ಕೆಲಸದ ಶ್ರೇಯ ನಿಮ್ಮ ಫೈರ್‌ವಾಲ್‌ಗೆ ಹೋಗುತ್ತದೆ. ಸ್ಕ್ಯಾನ್‌ಗೆ ಅವಕಾಶ ಕೊಡುವ ಕಡೆ, ಬದಲಾಗದ ಐಪಿಯ ಸರ್ವರ್ ಬಾಡಿಗೆಗೆ ಪಡೆಯಿರಿ.

ಏನೂ ಹೇಳದಿದ್ದರೆ ಎನ್‌ಮ್ಯಾಪ್ ನೋಡುವುದು ಹೆಚ್ಚು ಬಳಕೆಯ 1,000 ಟಿಸಿಪಿ ಪೋರ್ಟ್‌ಗಳನ್ನಷ್ಟೇ. ಯಾರೋ 22022ರಲ್ಲಿ ತೆರೆದು ಮರೆತ ಎಸ್‌ಎಸ್‌ಎಚ್ (ದೂರದಿಂದ ಕಂಪ್ಯೂಟರ್‌ಗೆ ಲಾಗಿನ್ ಆಗುವ ಸೇವೆ) ಅದರ ಕಣ್ಣಿಗೆ ಬೀಳುವುದಿಲ್ಲ. ಒಟ್ಟು 65,535 ಪೋರ್ಟ್‌ಗಳನ್ನೂ ನೋಡಿ, ಆದರೆ ನಿಧಾನವಾಗಿ: ವೇಗ ಹೆಚ್ಚಿದರೆ ಹಳೆಯ ಫೈರ್‌ವಾಲ್‌ನ ಸಂಪರ್ಕ ಪಟ್ಟಿ ತುಂಬಿ ಕಚೇರಿಯ ಇಂಟರ್ನೆಟ್ಟೇ ನಿಲ್ಲಬಹುದು. ಸೆಕೆಂಡಿಗೆ 50 ಪ್ಯಾಕೆಟ್ ಎಂದು ಮಿತಿ ಹಾಕಿದರೆ ಒಂದು ವಿಳಾಸಕ್ಕೆ ಸುಮಾರು 22 ನಿಮಿಷ; ಉತ್ತರ ಬಾರದ ಪೋರ್ಟನ್ನು ಅದು ಮತ್ತೆ ಕೇಳುವುದರಿಂದ ಇನ್ನೂ ಹೆಚ್ಚಾಗುತ್ತದೆ.

ಬಹಳ ಜನ ಎಡವುವುದು ಫಲಿತಾಂಶ ಓದುವಾಗ. ಉತ್ತರ ಬಾರದಿದ್ದರೆ ‘ಫಿಲ್ಟರ್ಡ್’ (ತಡೆಯಲಾಗಿದೆ) ಎಂದು ತೋರಿಸುತ್ತದೆ. ಆದರೆ ಪರೀಕ್ಷೆಯ ನಡುವೆಯೇ ಫೈರ್‌ವಾಲ್ ನಿಮ್ಮ ಐಪಿಯನ್ನು ತಡೆದಿದ್ದರೂ ಉಳಿದದ್ದೆಲ್ಲ ಹಾಗೆಯೇ ಕಾಣುತ್ತದೆ! ಅದಕ್ಕೇ ತೆರೆದಿದೆಯೆಂದು ಗೊತ್ತಿರುವ ಪೋರ್ಟೊಂದನ್ನು, 443 ಎನ್ನಿ, ಕೊನೆಯಲ್ಲಿ ಮತ್ತೆ ಕೇಳಿ. ಅದೂ ಸುಮ್ಮನಿದ್ದರೆ ಆ ಫಲಿತಾಂಶವನ್ನು ನಂಬಬೇಡಿ. ಐಪಿವಿ6 (ಹೊಸ ಬಗೆಯ ಐಪಿ) ವಿಳಾಸಗಳಿದ್ದರೆ ಬೇರೆಯಾಗಿ ನೋಡಿ. ಹಳೆಯ ಬಗೆಯ ಐಪಿವಿ4ಕ್ಕೆ ನಿಯಮ ಬರೆದು ಇದನ್ನು ಮರೆತವರು ಬೇಕಾದಷ್ಟಿದ್ದಾರೆ.

ಡೇಟಾಬೇಸ್ ಪೋರ್ಟ್ ತೆರೆದಿರುವುದು ಕಂಡರೆ ಪಾಸ್‌ವರ್ಡ್ ಊಹಿಸಲು ಹೋಗಬೇಡಿ. ಸಮಯ, ವಿಳಾಸ, ಪೋರ್ಟ್ ಬರೆದು ಅಂದೇ ತಿಳಿಸಿ. ಮುಚ್ಚಿದ ಮೇಲೆ ಅದನ್ನಷ್ಟೇ ಮತ್ತೊಮ್ಮೆ ಪರೀಕ್ಷಿಸಿ.

ಪ್ರಶ್ನೆ: ವಿದ್ಯಾರ್ಥಿಗಳು ಇಂಥ ಸ್ಕ್ಯಾನ್ ಎಲ್ಲಿ ಅಭ್ಯಾಸ ಮಾಡಬೇಕು?
– ಓದುಗರು, ತುಮಕೂರು

ಉತ್ತರ: ನಿಮ್ಮದೇ ಲ್ಯಾಪ್‌ಟಾಪ್‌ನಲ್ಲಿ ಎರಡು ವರ್ಚುವಲ್ ಮಷೀನ್ (ಕಂಪ್ಯೂಟರ್‌ನೊಳಗೆ ತಂತ್ರಾಂಶದಿಂದ ಓಡುವ ಇನ್ನೊಂದು ಕಂಪ್ಯೂಟರ್) ಇಟ್ಟುಕೊಳ್ಳಿ. ಹೊರಗಿನದೇ ಬೇಕೆಂದರೆ ಎನ್‌ಮ್ಯಾಪ್ ತಂಡ ಇದಕ್ಕೆಂದೇ ತೆರೆದಿಟ್ಟ ‘ಸ್ಕ್ಯಾನ್‌ಮಿ’ ಸರ್ವರ್ ಇದೆ. ದಿನಕ್ಕೆ ನಾಲ್ಕಾರು ಸಲ ಸಾಕು, ಪಾಸ್‌ವರ್ಡ್ ದಾಳಿ ಅಲ್ಲೂ ನಿಷಿದ್ಧ.