ಬಳ್ಳಾರಿ ಜಾಲಿ ಮೂರು ಸಲ ಕಡಿದರೂ ಚಿಗುರುವುದಕ್ಕೆ
ಪಾವಗಡದ ನಿಮ್ಮ ಹೊಲದ ಬದುವಿನ ಬಳ್ಳಾರಿ ಜಾಲಿ ಮೂರು ಸಲ ಕಡಿದರೂ ಮತ್ತೆ ಚಿಗುರಿ ಪೊದೆಯಾಗಿದೆ, ಏನು ಮಾಡಲಿ ಎಂದು ಕೇಳಿದ್ದೀರಿ. ನೆಲಮಟ್ಟಕ್ಕೆ ಕಡಿದಿದ್ದೀರಿ, ಬಹುಶಃ ಅದಕ್ಕೇ ಹೀಗಾಗಿದೆ. ಚಿಗುರುವ ಮೊಗ್ಗುಗಳಿರುವುದು ಕಾಂಡ, ಬೇರು ಕೂಡುವ ಗಂಟಿನಲ್ಲಿ, ಮಣ್ಣಿನೊಳಗೆ. ಬೆಂಕಿ ಹಾಕಿದರೂ ಅಷ್ಟೇ, ಮೇಲಿನದು ಮಾತ್ರ ಸುಡುತ್ತದೆ.

ಮಳೆ ಬಿದ್ದು ನೆಲ ಮೆತ್ತಗಾದಾಗ ಬುಡದ ಸುತ್ತ ಗುದ್ದಲಿಯಿಂದ ಒಂದಡಿ ಆಳ ಬಿಡಿಸಿ. ಗಂಟಿನ ಕೆಳಗೆ, ಬರೀ ಬೇರು ಕಾಣುವಲ್ಲಿ ಕೊಡಲಿ ಹಾಕಿ ಗಂಟನ್ನು ಪೂರ್ತಿ ಹೊರತೆಗೆಯಿರಿ. ಜೆಸಿಬಿ ತರಿಸಿದರೆ ಪಕ್ಕದಲ್ಲೇ ನಿಂತು ನೋಡಿ. ಬಕೆಟ್ ಗಂಟನ್ನು ಸೀಳಿ ಅರ್ಧ ಒಳಗೇ ಬಿಡುವುದುಂಟು. ಹಳೇ ಮರದ ಗಂಟು ಇನ್ನೂ ಆಳದಲ್ಲಿರಬಹುದು, ಅಗೆದೇ ತಿಳಿಯಬೇಕು.

ಕಾಯಿ ತಿಂದ ದನ, ಕುರಿಗಳ ಸಗಣಿ, ಹಿಕ್ಕೆಯಲ್ಲಿ ಬೀಜ ಜೀವಂತವಾಗಿ ಹೊರಬರುತ್ತದೆ. ಆ ಗೊಬ್ಬರ ಬಿದ್ದ ಕಡೆ ಸಸಿ ಗೇಣುದ್ದ ಇರುವಾಗಲೇ ಬೇರು ಸಮೇತ ಕೀಳಿ. ಕಡಿದ ಮುಳ್ಳನ್ನು ಬದುವಿನಲ್ಲಿ ಬಿಡಬೇಡಿ, ಟ್ರ್ಯಾಕ್ಟರ್ ಟೈರಿಗೂ ಇಳಿಯುತ್ತದೆ.