ರಿಮೋಟ್ ದೋಣಿ ಅಲ್ಲಾಡುತ್ತಿಲ್ಲ

ಪ್ರಶ್ನೆ: ಹಳೆಯ 27 ಮೆಗಾಹರ್ಟ್ಸ್ ರಿಮೋಟ್ ದೋಣಿಗೆ ಹೊಸ ಕ್ರಿಸ್ಟಲ್ (ರೇಡಿಯೋ ಫ್ರೀಕ್ವೆನ್ಸಿ ನಿಗದಿ ಮಾಡುವ ಪುಟ್ಟ ಬಿಡಿಭಾಗ) ಜೋಡಿ ಹಾಕಿದೆ. ಲೈಟ್ ಹತ್ತುತ್ತದೆ, ಚುಕ್ಕಾಣಿ ತಿರುಗಿಸುವ ಪುಟ್ಟ ಮೋಟಾರ್, ಅಂದರೆ ಸರ್ವೋ ಮಾತ್ರ ಅಲ್ಲಾಡುವುದೇ ಇಲ್ಲ. ಏನು ಮಾಡಲಿ?
– ಓದುಗರೊಬ್ಬರು, ಕಾರವಾರ

ಉತ್ತರ: ಎರಡು ಕ್ರಿಸ್ಟಲ್ ಅದಲುಬದಲಾಗಿರಬೇಕು, ಮೊದಲು ಅದನ್ನೇ ನೋಡಿ. ನೋಡೋಕೆ ಒಂದೇ ಥರ ಇದ್ದರೂ ಅವು ಬೇರೆ ಬೇರೆ. ದೋಣಿಯೊಳಗಿನ ಸಾಮಾನ್ಯ ಸಿಂಗಲ್ ಕನ್ವರ್ಷನ್ (ಸಿಗ್ನಲ್‌ನ ಫ್ರೀಕ್ವೆನ್ಸಿಯನ್ನು ಒಂದೇ ಸಲ ಇಳಿಸುವ) ರಿಸೀವರ್‌ನ ಕ್ರಿಸ್ಟಲ್ ಟ್ರಾನ್ಸ್‌ಮಿಟರ್‌ನದಕ್ಕಿಂತ, ಅಂದರೆ ರಿಮೋಟ್‌ನದಕ್ಕಿಂತ 455 ಕಿಲೋಹರ್ಟ್ಸ್ ಕಡಿಮೆ ಇರುತ್ತದೆ, ರಿಮೋಟ್‌ನಲ್ಲಿ 27.145 ಮೆಗಾಹರ್ಟ್ಸ್ ಇದ್ದರೆ ದೋಣಿಯಲ್ಲಿ 26.690 ಮೆಗಾಹರ್ಟ್ಸ್ ಇರಬೇಕು. ಟಿಎಕ್ಸ್ ಅಂತ ಬರೆದದ್ದು ರಿಮೋಟ್‌ಗೆ, ಆರ್‌ಎಕ್ಸ್ ದೋಣಿಗೆ.

ಸರಿಯಾಗಿಯೇ ಇದೆಯಾ? ಹಾಗಾದರೆ ಪಿನ್ ನೋಡಿ. ನಮ್ಮ ಕಡಲ ಗಾಳಿಗೆ ಪಿನ್ ಮೇಲೆ ಹಸಿರು ಕಿಲುಬು ಬೇಗ ಹಿಡಿಯುತ್ತದೆ ಅಲ್ವಾ, ಸ್ವಿಚ್ ಆಫ್ ಮಾಡಿ, ಕ್ರಿಸ್ಟಲ್ ಕಿತ್ತು, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಮೆಲ್ಲಗೆ ಒರೆಸಿ. ಕೈಜಾರಿ ಬಿದ್ದ ಕ್ರಿಸ್ಟಲ್ ಆಗಿದ್ದರೆ ಒಳಗಿನ ತೆಳು ಸ್ಫಟಿಕ ಒಡೆದಿರಬಹುದು. ಅದಕ್ಕೆ ರಿಪೇರಿ ಇಲ್ಲ, ಹೊಸ ಜೋಡಿಯೇ ತನ್ನಿ.