ರಾಯಚೂರಿನಂಥ ಬಿಸಿಲೂರಲ್ಲಿ ಮಳೆನೀರು ಚರಂಡಿ ಎಂಜಿನಿಯರ್‌ಗೆ ಏನು ಕೆಲಸ?

ಮಳೆ ಕಡಿಮೆ, ನಿಜ. ಆದರೆ ಬಂದರೆ ಒಂದೇ ಗಂಟೆಯಲ್ಲಿ ಸುರಿದುಬಿಡುತ್ತದೆ. ಚರಂಡಿಯ ಅಳತೆ ಇಡುವುದು ವರ್ಷದ ಮಳೆ ನೋಡಿ ಅಲ್ಲ, ಆ ರಭಸ ನೋಡಿ. 10 ಹೆಕ್ಟೇರ್ ಬಡಾವಣೆ, ಗಂಟೆಗೆ 50 ಮಿ.ಮೀ. ಮಳೆ, ಅದರಲ್ಲಿ ಶೇ 80 ಹರಿದು ಬಂತು ಅಂದುಕೊಳ್ಳಿ: ಸೆಕೆಂಡಿಗೆ ಸುಮಾರು 1,100 ಲೀಟರ್! ಕಾಂಕ್ರೀಟ್ ಅಂಗಳ ಜಾಸ್ತಿಯಾದಷ್ಟೂ ಇದು ಏರುತ್ತದೆ.

ದೊಡ್ಡ ತಲೆನೋವು ವಾಟದ್ದು, ಅಂದರೆ ನೀರು ಹರಿಯಲು ಬೇಕಾದ ಇಳಿಜಾರಿನದು. ಸಮತಟ್ಟು ಜಾಗದಲ್ಲಿ ನೀರಿನ ವೇಗ ಸೆಕೆಂಡಿಗೆ 0.6 ಮೀಟರ್‌ಗಿಂತ ಕಡಿಮೆಯಾದರೆ ಹೂಳು ಕೂರುತ್ತದೆ. ಮೇಲೆ ನಮ್ಮ ಎರೆಮಣ್ಣು ಬೇರೆ. ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ, ಚರಂಡಿ ಗೋಡೆಯನ್ನೂ ಸೀಳುತ್ತದೆ. ಅದಕ್ಕೇ ಆ ಮಣ್ಣನ್ನು ತೆಗೆಸಿ ತಳಕ್ಕೆ ಮರಂ (ಗರಸು ಮಣ್ಣು) ಹಾಕಿಸುತ್ತೇವೆ.

ಇನ್ನು ಮೇ ತಿಂಗಳ ಉರಿಬಿಸಿಲಲ್ಲಿ ಹೂಳು ತೆಗೆಸುವುದು. ಕಾಲೇಜಿನಲ್ಲಿ ಇದನ್ನು ಯಾರೂ ಹೇಳಿರಲಿಲ್ಲ!